ಗಂಗಾವತಿಯಲ್ಲಿ ಜಾನಸ್ ಕಣದ ಜೋಡಿ ಎಣಿಸಿದ್ದು

"ಗಂಗಾವತಿಯಲ್ಲಿ ಭತ್ತ ಬೆಳೀಬಹುದು ಸರ್, ಜಾನಸ್ ಕಣ ಆಗಲ್ಲ" ಎಂದು ಬೆಂಗಳೂರಿನ ಗೆಳೆಯರೊಬ್ಬರು ನಕ್ಕಿದ್ದರು. ಜಾನಸ್ ಕಣ ಅಂದರೆ ಎರಡು ಮುಖದ ಪುಟ್ಟ ಗುಂಡು: ಒಂದು ಅರ್ಧಕ್ಕೆ ನೀರು ಒಗ್ಗುತ್ತದೆ, ಇನ್ನೊಂದು ಅರ್ಧ ನೀರಿಗೆ ಹೆದರುತ್ತದೆ. ಹೆದರುವ ಮುಖಗಳು ನೀರಿನಲ್ಲಿ ಒಂದಕ್ಕೊಂದು ಅಂಟಿ ಜೋಡಿಯಾಗುತ್ತವೆ. ಕಣ ಆದರೂ ನೀರಿನಲ್ಲಿ ಬಿಡಿಸಲಾಗದ ಗಂಟು ಕಟ್ಟುತ್ತವೆ, ಅದರಿಂದ ಥರ್ಮೋಡೈನಾಮಿಕ್ಸ್ (ಬಿಸಿ-ಶಕ್ತಿಯ ಲೆಕ್ಕ) ತೆಗೆಯೋದು ಸುಮ್ನೆ ಮಾತು ಅಂತ ಇನ್ನೊಬ್ಬರು. ಈಗ ನನ್ನ ಸ್ಲೈಡಿನಲ್ಲಿ ಬಿಸಿ ಮಾಡಿದರೆ ಜೋಡಿ ಬಿಡುತ್ತವೆ, ತಣಿಸಿದರೆ ಮತ್ತೆ ಕೂಡುತ್ತವೆ. ಗಂಟು ಕಟ್ಟಿದ್ದರೆ ಹೀಗಾಗುತ್ತಿತ್ತಾ?

ದಾರಿ ಹೊಸದಲ್ಲ. ಅಮೆರಿಕದ ವಿಜ್ಞಾನಿ ಸ್ಟೀವ್ ಗ್ರಾನಿಕ್ ಗುಂಪು 2006ರಲ್ಲಿ ತೋರಿಸಿದ ಮೇಣದ ವಿಧಾನವೇ. ಸ್ಟೋಬರ್ ವಿಧಾನದಲ್ಲಿ ಮಾಡಿದ ಗುಂಡನೆಯ ಸಿಲಿಕಾ ಕಣ, ಅದನ್ನು ಅರ್ಧ ಹುದುಗಿಸಿ ಹಿಡಿಯುವ ಮೇಣದ ಹನಿ, ಹೊರಗುಳಿದ ಅರ್ಧಕ್ಕೆ ನೀರು ಹತ್ತದಂತೆ ಮಾಡುವ ಸಿಲೇನ್ ಲೇಪ. ಕಾಟ ಕೊಟ್ಟದ್ದು ನಮ್ಮ ಬಿಸಿಲು. ಏಪ್ರಿಲ್‌ನಲ್ಲಿ ಕೋಣೆಯೇ 38-39 ಡಿಗ್ರಿ. ಅಂಗಡಿಯ ಮೇಣದಬತ್ತಿ ಅಷ್ಟಕ್ಕೇ ಮೆತ್ತಗಾಗಿ ಕಣಗಳು ಹೊರಳಿಬಿಟ್ಟವು. ಎರಡು ಮುಖದ ಬದಲು ಮೈಯೆಲ್ಲ ತೇಪೆ. ಸ್ಟೋಬರ್ ಕಣವೂ ಸೆಕೆಯಲ್ಲಿ ಮಾಡಿದರೆ ಸಣ್ಣದಾಗೇ ಬರುತ್ತದೆ. ಹಾಗಾಗಿ ಲ್ಯಾಬಿನ ಪ್ಯಾರಾಫಿನ್ ತರಿಸಿ, ಈ ಕೆಲಸವನ್ನೆಲ್ಲ ಡಿಸೆಂಬರ್-ಜನವರಿಗೆ ತಳ್ಳಿದೆ. ಆಗ ಒಂದೂವರೆ ಮೈಕ್ರಾನ್ ಕಣ ಸಿಕ್ಕಿತು.

ನಡುವೆ ರೈಸ್ ಮಿಲ್ಲಿನ ಹೊಟ್ಟಿನ ಬೂದಿಯಿಂದಲೂ ಸಿಲಿಕಾ ತೆಗೆದೆ. ಪುಕ್ಕಟೆ ಮಾಲು, ಕಾಸ್ಟಿಕ್ ಸೋಡಾದಲ್ಲಿ ಚೆನ್ನಾಗಿ ಕರಗುತ್ತದೆ. ಆದರೆ ಆಸಿಡ್ ಹಾಕಿದಾಗ ಬಂದದ್ದು ಗುಂಡನೆಯ ಕಣವಲ್ಲ, ಜೆಲ್ಲು. ಅಲ್ಲಿಗೆ ಬಿಟ್ಟೆ.

ಮೈಕ್ರೋಸ್ಕೋಪಿನಲ್ಲಿ ಸ್ಲೈಡು ಬಿಸಿ ಮಾಡುವ ಸ್ಟೇಜಿಗೆ ಲಕ್ಷಗಟ್ಟಲೆ ಕೊಟೇಶನ್ ಬಂತು. ನಾನು ಕರೆಂಟಿನಿಂದ ಬಿಸಿ-ತಂಪು ಮಾಡುವ ಪೆಲ್ಟಿಯರ್ ಬಿಲ್ಲೆ, ಥರ್ಮೋಸ್ಟಾಟ್ ಬೋರ್ಡು, ಹಳೆ ಕಂಪ್ಯೂಟರಿನ ಫ್ಯಾನು ಸೇರಿಸಿ ಲೇತ್ ಅಂಗಡಿಯಲ್ಲಿ ತೂತು ಕೊರೆಸಿದ ಅಲ್ಯೂಮಿನಿಯಂ ತಟ್ಟೆಗೆ ಕೂರಿಸಿದೆ. ಒಟ್ಟು ಸಾವಿರದ ಮೇಲೆ ಚೂರು ಪಾರು. ಆದರೂ ಅಂಕಿ ಕುಣಿಯುತ್ತಿತ್ತು. ಕಳ್ಳ ಎಂದರೆ 100 ಎಕ್ಸ್ ಎಣ್ಣೆ ಲೆನ್ಸು. ಅದು ಸ್ಲೈಡಿನ ಬಿಸಿಯನ್ನೆಲ್ಲ ಹೀರುತ್ತದೆ. 40 ಎಕ್ಸ್ ಒಣ ಲೆನ್ಸಿಗೆ ಬಂದೆ. ನಿಜವಾದ ಬಿಸಿ ಎಷ್ಟು ಅಂತ ತಿಳಿಯಲು ಲುಟಿಡೀನ್ ಎಂಬ ದ್ರವ ಮತ್ತು ನೀರಿನ ಮಿಶ್ರಣ ಬಳಸಿದೆ. ತೂಕದಲ್ಲಿ 28 ಪರ್ಸೆಂಟ್ ಲುಟಿಡೀನ್ ಇದ್ದರೆ ಸುಮಾರು 34 ಡಿಗ್ರಿಯಲ್ಲಿ ಹೈಡ್ರೋಜನ್ ಬಂಧ ಸೋತು ಮಿಶ್ರಣ ಮಬ್ಬಾಗುತ್ತದೆ. ಸ್ಲೈಡಿನ ಮೇಲೇ ಥರ್ಮಾಮೀಟರ್! ನಾತ ಮಾತ್ರ ಅಸಹ್ಯ. ಏಪ್ರಿಲ್‌ನಲ್ಲಿ ಬಾಟಲಿ ಮೇಜಿನ ಮೇಲೆಯೇ ಎರಡು ಪದರ ಆಗಿತ್ತು.

25 ಡಿಗ್ರಿಯಲ್ಲಿ ನೂರು ಒಂಟಿ ಕಣಕ್ಕೆ ಇಪ್ಪತ್ತರಷ್ಟು ಜೋಡಿ. 45ರಲ್ಲಿ ಹತ್ತರ ಹತ್ತಿರ. ವ್ಯಾಂಟ್ ಹಾಫ್ ಗೆರೆಯಿಂದ (ಬಿಸಿಯೇರಿದಂತೆ ಜೋಡಿ ಎಷ್ಟು ಬದಲಾಯಿತು ಎಂಬ ನಕ್ಷೆ) ಮೋಲಿಗೆ ಮೈನಸ್ 25-30 ಕಿಲೋಜೂಲ್ ಬಂತು, ಅಂದರೆ ಕೂಡುವಾಗ ಬಿಸಿ ಹೊರಬರುತ್ತದೆ. "ಬಿಸಿಯಾದರೆ ನೀರಿಗೆ ಹೆದರುವ ಮುಖಗಳು ಇನ್ನೂ ಜಾಸ್ತಿ ಕೂಡಬೇಕಲ್ವಾ?" ಎಂದು ಕೇಳಿದವರೇ ಹೆಚ್ಚು. ಅದು ಮೀಥೇನ್‌ನಂಥ ಚಿಕ್ಕ ಅಣುವಿನ ಮಾತು. ಮುಖ ಒಂದು ನ್ಯಾನೋಮೀಟರ್ ದಾಟಿದ ಮೇಲೆ ನೀರು ಅದರ ಸುತ್ತ ತನ್ನ ಬಂಧಗಳನ್ನು ಉಳಿಸಿಕೊಳ್ಳಲಾರದು. ಆಗ ಮೇಲ್ಮೈ ಎಳೆತದ್ದೇ ಲೆಕ್ಕ. ಅದು 25ರಲ್ಲಿ 72 ಮಿಲಿನ್ಯೂಟನ್ ಪ್ರತಿ ಮೀಟರ್, 45ರಲ್ಲಿ 69ಕ್ಕೆ ಇಳಿಯುತ್ತದೆ. ಎಳೆತ ಇಳಿದಂತೆ ಜೋಡಿಯೂ ಕಡಿಮೆ. ನನ್ನ ಗೆರೆಯ ಇಳಿಜಾರನ್ನು ನಾನು ಹಾಗೇ ಓದುತ್ತೇನೆ.

ಉಪ್ಪು ಹಾಕದಿದ್ದರೆ ಚಾರ್ಜ್ ದೂಡಿ ಒಂದು ಜೋಡಿಯೂ ಆಗಲ್ಲ. ಎಷ್ಟು ಹಾಕಬೇಕು, ಮೇಣ ತೊಳೆದ ಮೇಲೆ ಯಾವ ದ್ರವದಲ್ಲಿ ಜಾಲಿಸಬೇಕು ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನೀರಿನ ಬದಲು ಎಥಿಲೀನ್ ಗ್ಲೈಕಾಲ್ (ಕೂಲಂಟಿನಲ್ಲಿರುವ ದ್ರವ) ಹಾಕಿದರೆ ಜೋಡಿ ಬಹಳ ಕಡಿಮೆ. ಅದು ನೀರಿಗಿಂತ 15-20 ಪಟ್ಟು ಮಂದ, ಕಣಗಳು ನಿಧಾನಕ್ಕೆ ಓಡಾಡುತ್ತವೆ, ಹಾಗಾಗಿ ರಾತ್ರಿಯಿಡೀ ಬಿಟ್ಟು ಎಣಿಸಬೇಕು. ಗ್ಯಾರೇಜಿನ ಕೂಲಂಟ್ ಅಗ್ಗ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದರ ಬಣ್ಣ, ತುಕ್ಕು ತಡೆಯುವ ಮದ್ದು ಎಲ್ಲವೂ ಕಣಕ್ಕೆ ಹತ್ತುತ್ತದೆ. ಮುಂದೆ ಪರೀಕ್ಷಿಸಬೇಕಾದ ಇನ್ನೊಂದು ದ್ರವ, ಫಾರ್ಮಮೈಡ್, ಅದರ ಬಾಟಲಿ ಬಂದಿದೆ. ಅದರ ಬಿಲ್ಲು ಇನ್ನೂ ಪಾಸಾಗಿಲ್ಲ.