ಕೇಬಲ್ ಕಿತ್ರೂ ಸಾಯದ ರೂಟು

ರೂಟರ್‌ಗಳು ಒಂದಕ್ಕೊಂದು ದಾರಿ ಹೇಳ್ಕೊಳ್ಳೋ ಭಾಷೆಗಳಲ್ಲಿ (ಪ್ರೋಟೋಕಾಲ್) ದಾವಣಗೆರೆ ಆಫೀಸಲ್ಲಿ ನಮ್ದು ಓಎಸ್‌ಪಿಎಫ್, ಚಿತ್ರದುರ್ಗದ ಗೋಡೌನ್ ಕಡೆ ಇರೋ ಹಳೇ ಡಬ್ಬ ರೂಟರ್‌ಗಳಿಗೆ ರಿಪ್ ಬಿಟ್ರೆ ಬೇರೆ ಗೊತ್ತಿಲ್ಲ, ಅದಕ್ಕೆ ನಡುವೆ ಒಂದು ರೂಟರ್ ಇಟ್ಟು ಎರಡೂ ಕಡೆಗೆ ರೀಡಿಸ್ಟ್ರಿಬ್ಯೂಷನ್, ಅಂದ್ರೆ ಒಂದರಲ್ಲಿ ಕಲಿತ ರೂಟನ್ನ (ದಾರಿ) ಇನ್ನೊಂದಕ್ಕೆ ಹೇಳೋ ಹಂಗೆ ಮಾಡಿದ್ದೆ. ವರ್ಷಗಟ್ಲೆ ಕಿರಿಕ್ ಇರ್ಲಿಲ್ಲ. ಬ್ಯಾಕಪ್‌ಗೆ ಇರ್ಲಿ ಅಂತ ಒಂದು ಶನಿವಾರ ಸಂಜೆ ಎರಡನೇ ರೂಟರ್‌ಗೂ ಅದೇ ಕಾನ್ಫಿಗ್ ಕಾಪಿ ಪೇಸ್ಟ್ ಮಾಡಿ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೊರಟೆ, ಪೊಟ್ಟಣ ಬಿಚ್ಚೋ ಅಷ್ಟ್ರಲ್ಲಿ ಗೋಡೌನ್ ಹುಡುಗನ ಫೋನು, "ಅಣ್ಣಾ ಬಿಲ್ಲಿಂಗ್ ನಿಂತೋಗೈತೆ".

ಪ್ಯಾಕೆಟ್ ಯಾವ್ಯಾವ ರೂಟರ್ ಮೇಲೆ ಹೋಗುತ್ತೆ ಅಂತ ತೋರ್ಸೋ ಟ್ರೇಸ್‌ರೂಟ್ ಹಾಕಿದ್ರೆ ಅವೇ 3 ಅಡ್ರೆಸ್ಸು ಗಾಣದೆತ್ತಿನಂಗೆ ಸುತ್ತುತ್ತಾ ಇದಾವೆ. ಲಿಂಕೇ ಹೋಗಿರ್ಬೇಕು ಅಂತ ಹುಡುಗನಿಗೆ ಹೇಳಿ ಅಲ್ಲಿನ ಕೇಬಲ್ ಕೀಳಿಸ್ದೆ. ನನ್ನ ರೂಟರ್‌ನ ರೂಟಿಂಗ್ ಟೇಬಲ್‌ನಲ್ಲಿ (ದಾರಿಗಳ ಪಟ್ಟಿ) ಗೋಡೌನ್ ರೂಟು ಹಂಗೇ ಇದೆ! ಇಲ್ದಿರೋ ನೆಟ್‌ವರ್ಕಿಗೆ ದಾರಿ.

ಪೇಪರ್ ಮೇಲೆ ಗೀಚಿದಾಗ ತಿಳೀತು. ಮೊದಲನೇ ರೂಟರ್ ಗೋಡೌನ್ ರೂಟನ್ನ ರಿಪ್‌ನಿಂದ ತಗೊಂಡು ಓಎಸ್‌ಪಿಎಫ್‌ಗೆ ಹಾಕುತ್ತೆ. ಎರಡನೇದಕ್ಕೆ ಅದೇ ರೂಟು ಎರಡೂ ಕಡೆಯಿಂದ ಬರುತ್ತೆ, ಓಎಸ್‌ಪಿಎಫ್ ಡಿಸ್ಟೆನ್ಸ್ (ಯಾವ ಪ್ರೋಟೋಕಾಲನ್ನ ಮೊದ್ಲು ನಂಬ್ಬೇಕು ಅನ್ನೋ ನಂಬರ್) 110, ರಿಪ್ 120, ಕಮ್ಮಿ ಇದ್ದದ್ದೇ ಗೆಲ್ಲೋದು, ಹಂಗಾಗಿ ಅದು ಪಕ್ಕದ ನೇರ ದಾರಿ ಬಿಟ್ಟು ಮೊದಲನೇದನ್ನ ನಂಬಿ ಆ ರೂಟನ್ನ ವಾಪಸ್ ರಿಪ್‌ಗೆ ಬಿಡುತ್ತೆ, ಅದೂ ನಾನು ಕೊಟ್ಟಿದ್ದ ಮೆಟ್ರಿಕ್ (ದೂರದ ಲೆಕ್ಕ) 1ರಲ್ಲಿ. ನಿಜವಾದ ದಾರಿಗಿಂತ ಹತ್ತಿರ ಅಂತ ಇವೆರಡಕ್ಕೂ ಗೋಡೌನ್‌ಗೂ ನಡುವೆ ಇರೋ ರಿಪ್ ರೂಟರ್ ಎರಡನೇದರ ಕಡೆ ತಿರುಗುತ್ತೆ, ಅಲ್ಲಿಂದ ಸುದ್ದಿ ಮತ್ತೆ ಮೊದಲನೇದಕ್ಕೆ. ತಾನೇ ಬಿಟ್ಟ ಗಾಳಿಸುದ್ದಿ ಊರೆಲ್ಲಾ ಸುತ್ತಿ ಬಂದಾಗ ತಾನೇ ನಂಬಿದಂಗೆ.

ಓಎಸ್‌ಪಿಎಫ್ ಲಿಂಕ್ ಸ್ಟೇಟು (ಲಿಂಕುಗಳ ಮ್ಯಾಪ್ ನೋಡಿ ದಾರಿ ಹುಡುಕೋದು), ಹಿಂಗೆ ಸುತ್ತೋ ಲೂಪ್ ಆಗಲ್ಲ ಅಂತ ನಾನು ಆರಾಮಾಗಿದ್ದೆ. ಏರಿಯಾ (ಓಎಸ್‌ಪಿಎಫ್ ನೆಟ್‌ವರ್ಕಿನ ಒಂದು ಭಾಗ) ಒಳಗೆ ಎಲ್ರತ್ರಾನೂ ಒಂದೇ ಮ್ಯಾಪ್ ಇರುತ್ತೆ ನಿಜ, ಆದ್ರೆ ಹೊರಗಿಂದ ಹಾಕಿದ ರೂಟು ಆ ಮ್ಯಾಪಿನಲ್ಲಿ ಎಲ್ಲಿದೆ, ಬರೀ ಯಾರೋ ಹೇಳಿದ ಮಾತು ತಾನೇ.

ಮೊದ್ಲು ಎರಡನೇ ರೂಟರ್‌ನಲ್ಲಿ ರೀಡಿಸ್ಟ್ರಿಬ್ಯೂಷನ್ ತೆಗೆದು ಬಿಲ್ಲಿಂಗ್ ಎಬ್ಬಿಸ್ದೆ. ಆಮೇಲೆ ಟ್ಯಾಗು, ಅಂದ್ರೆ ರೂಟಿಗೆ ಅಂಟಿಸೋ ಗುರುತಿನ ನಂಬರ್. ಎರಡೂ ರೂಟರ್‌ನಲ್ಲಿ ರಿಪ್‌ನಿಂದ ಓಎಸ್‌ಪಿಎಫ್‌ಗೆ ಹೋಗೋದಕ್ಕೆಲ್ಲಾ ಟ್ಯಾಗ್ 120, ಓಎಸ್‌ಪಿಎಫ್‌ನಿಂದ ರಿಪ್‌ಗೆ ಬರೋ ರೂಟ್ ಮ್ಯಾಪಿನಲ್ಲಿ (ಯಾವ ರೂಟ್ ಬಿಡ್ಬೇಕು, ಯಾವುದನ್ನ ತಡೀಬೇಕು ಅನ್ನೋ ಸಾಲುಗಳು) ಟ್ಯಾಗ್ 120 ಕಂಡ್ರೆ ಡಿನೈ. ಕೆಳಗೆ ಉಳಿದದ್ದನ್ನ ಬಿಡೋ ಪರ್ಮಿಟ್ ಸಾಲು ಹಾಕೋದು ಮರ್ತು ಆಫೀಸಿನ ರೂಟ್ ಒಂದೂ ಗೋಡೌನ್‌ಗೆ ಹೋಗ್ಲಿಲ್ಲ, ಹುಡುಗನ ಹತ್ರ ಮತ್ತೆ ಬೈಸ್ಕೊಂಡೆ. ರಿಪ್ ಟ್ಯಾಗಿನ ಉದ್ದ 16 ಬಿಟ್ (bit), ಓಎಸ್‌ಪಿಎಫ್‌ದು 32, ಅದಕ್ಕೆ ಚಿಕ್ಕ ನಂಬರೇ ವಾಸಿ.

ಟ್ಯಾಗಿಂದ ಲೂಪ್ ನಿಂತ್ರೂ ಎರಡನೇ ರೂಟರ್ ಇನ್ನೂ ಮೊದಲನೇದರ ಮೇಲೇ ಸುತ್ತಿ ಹೋಗ್ತಿತ್ತು. ಎರಡರಲ್ಲೂ ಓಎಸ್‌ಪಿಎಫ್ ಎಕ್ಸ್‌ಟರ್ನಲ್ (ಹೊರಗಿಂದ ಹಾಕಿದ ರೂಟಿನ) ಡಿಸ್ಟೆನ್ಸನ್ನ 130 ಮಾಡ್ದೆ, ನೆಟ್ಟಗೆ ರಿಪ್ ದಾರಿ ಹಿಡೀತು.

ರಾತ್ರಿ ಹತ್ತೂವರೆಗೆ ಕೊನೇ ಸಲ ಕೇಬಲ್ ಕೀಳು ಅಂದೆ. ಸ್ವಲ್ಪ ಹೊತ್ತಿಗೆ ಟೇಬಲ್‌ನಿಂದ ರೂಟು ಮಾಯ. "ಅಣ್ಣಾ, ಈಗ ಪೂರ್ತಿ ಹೋಯ್ತು" ಅಂದ. ನಾನು ಇಷ್ಟು ಖುಷಿಯಾಗಿ "ಸೂಪರ್" ಅಂದಿದ್ದು ಅವನಿಗೆ ಇವತ್ತಿಗೂ ಅರ್ಥ ಆಗಿಲ್ಲ.