ಚೆಂಡು ಹಿಡಿಯೋಕೆ ಬರುತ್ತಾ? ಮೊದಲು ಮಗುವನ್ನೇ ಕೇಳಿ

ಮಗುವಿನ ಓಟ, ಕುಂಟಾಟ, ಎಸೆತ, ಹಿಡಿತ ಹೇಗಿದೆ ಎಂದು ತಿಳಿಯಲು ನಾನು ಮೊದಲು ಮಗುವನ್ನು, ಆಮೇಲೆ ಪೋಷಕರನ್ನು ಕೇಳಿ, ಕೊನೆಗೆ ಮೈದಾನದಲ್ಲಿ ನೋಡುತ್ತೇನೆ. ಮೊದಲೇ ಆಡಿಸಿದರೆ ಮಗು ಆಗಷ್ಟೇ ಕೈಬಿಟ್ಟ ಕ್ಯಾಚ್ ನೆನೆದು ಉತ್ತರಿಸುತ್ತದೆ.

ಐದಾರು ವರ್ಷದವರನ್ನು ಬಾಯಿಮಾತಲ್ಲಿ ಕೇಳಿದರೆ "ಹೂಂ, ಬರುತ್ತೆ" ಎಂದಷ್ಟೇ ಸಿಗುತ್ತದೆ. ಚಿತ್ರ ಬೇಕು. ಮಕ್ಕಳು ತಮ್ಮ ಸಾಮರ್ಥ್ಯವನ್ನು ತಾವೇ ಹೇಗೆ ಅಂದಾಜಿಸುತ್ತಾರೆ ಎಂದು ತಿಳಿಯಲು 1984ರಲ್ಲಿ ಸೂಸನ್ ಹಾರ್ಟರ್, ರಾಬಿನ್ ಪೈಕ್ ಪ್ರಕಟಿಸಿದ ಚಿತ್ರವಿಧಾನವೇ ಇದಕ್ಕೆ ಬುನಾದಿ. "ಈ ಹುಡುಗಿಗೆ ಚೆಂಡು ಹಿಡಿಯೋಕೆ ಚೆನ್ನಾಗಿ ಬರುತ್ತೆ, ಇವಳಿಗೆ ಅಷ್ಟು ಬರಲ್ಲ. ನೀನು ಯಾರ ಥರ ಪುಟ್ಟಾ?" ಒಂದನ್ನು ಮುಟ್ಟಿ ತೋರಿಸಿದ ಮೇಲೆ, "ತುಂಬಾನಾ, ಸ್ವಲ್ಪಾನಾ?" ಹೀಗೆ 1ರಿಂದ 4ರವರೆಗೆ ಅಂಕ. ಎರಡೂ ಚಿತ್ರಗಳಲ್ಲಿ ಬಟ್ಟೆ, ಮುಖಭಾವ ಒಂದೇ ಇರಬೇಕು. ಇಲ್ಲದಿದ್ದರೆ ಮಗು ನಗುವ ಮುಖವನ್ನೇ ಆರಿಸುತ್ತದೆ. ಚೆನ್ನಾಗಿ ಆಡುವವಳ ಚಿತ್ರ ಎಡಬಲ ಬದಲಾಗುತ್ತಿರಲಿ. ಅಮ್ಮ ಪಕ್ಕದಲ್ಲಿದ್ದರೆ ಮಗು ಚಿತ್ರ ಬಿಟ್ಟು ಅವರ ಮುಖ ನೋಡುತ್ತದೆ.

ಪೋಷಕರಿಗೆ "ಎಸೆಯೋಕೆ ಬರುತ್ತಾ?" ಎಂದು ಕೇಳಿ ಪ್ರಯೋಜನವಿಲ್ಲ. ಚೆಂಡು ಎಷ್ಟು ದೂರ ಹೋಯಿತು ಎಂದೋ, ಅಣ್ಣನಷ್ಟು ಬರಲ್ಲ ಎಂದೋ ಹೇಳುತ್ತಾರೆ. "ಬಲಗೈಲಿ ಎಸೆಯುವಾಗ ಯಾವ ಕಾಲು ಮುಂದಿಡ್ತಾಳೆ? ಚೆಂಡನ್ನ ಎದೆಗೆ ಒತ್ಕೊಳ್ತಾಳಾ, ಬರೀ ಕೈಲಿ ಹಿಡೀತಾಳಾ?" ಎಂದು ಕೇಳಬೇಕು. ಹಾಳೆಯಲ್ಲಿ "ನೋಡಿಲ್ಲ" ಎಂಬ ಕಾಲಂ ಇಟ್ಟರೆ ಊಹಿಸಿ ಉತ್ತರಿಸುವುದು ಕಡಿಮೆಯಾಗುತ್ತದೆ. ಸಂಜೆ ಪಾರ್ಕಿಗೆ ಕರೆದೊಯ್ಯುವವರು ಅಜ್ಜನಾದರೆ ಅವರನ್ನೇ ಕೇಳುವುದು ಮೇಲು.

ಮೈದಾನದಲ್ಲಿ ಡೇಲ್ ಉಲ್ರಿಚ್ ಅವರ ಟಿಜಿಎಂಡಿ (ಮಕ್ಕಳ ಓಟ, ಎಸೆತದಂಥ ದೊಡ್ಡ ಚಲನೆಗಳನ್ನು ಅಳೆಯುವ ಪರೀಕ್ಷೆ) ಕ್ರಮ ಅನುಸರಿಸುತ್ತೇನೆ: ಒಮ್ಮೆ ಮಾಡಿ ತೋರಿಸಿ, ಒಂದು ಅಭ್ಯಾಸ, ನಂತರ ಎರಡು ಪ್ರಯತ್ನಕ್ಕೆ ಅಂಕ. ಹಿಡಿತಕ್ಕೆ ಸುಮಾರು 10 ಸೆಂ.ಮೀ. ಪ್ಲಾಸ್ಟಿಕ್ ಚೆಂಡು, 4.5 ಮೀಟರ್ ದೂರ, ಕೆಳಗೈ ಎಸೆತ. ಮೊಣಕೈ ಮಡಿಸಿ ಕೈ ಸಿದ್ಧವಿತ್ತೇ, ಚೆಂಡಿನತ್ತ ಕೈ ಚಾಚಿತೇ, ಬರೀ ಕೈಯಲ್ಲೇ ಹಿಡಿಯಿತೇ ಎಂದು ಬೇರೆಬೇರೆಯಾಗಿ ಗುರುತಿಸಿ. ನಮ್ಮ ಎಸೆತ ಭುಜ ಮತ್ತು ಸೊಂಟದ ನಡುವೆ ಹೋಗದಿದ್ದರೆ ಆ ಪ್ರಯತ್ನ ಲೆಕ್ಕಕ್ಕಿಲ್ಲ.

ಐದರ ಮಗು ತನ್ನನ್ನು ಹೆಚ್ಚಾಗಿ ಅಂದಾಜಿಸಿಕೊಂಡರೆ ತಿದ್ದಬೇಡಿ. ಆಸೆಯನ್ನೂ ಸಾಮರ್ಥ್ಯವನ್ನೂ ಬೇರ್ಪಡಿಸುವ ವಯಸ್ಸಲ್ಲ ಅದು. ಆ ಧೈರ್ಯವೇ ಮತ್ತೆ ಮತ್ತೆ ಆಡಿಸುತ್ತದೆ. ಏಳೆಂಟರ ಹೊತ್ತಿಗೆ ಓರಗೆಯವರೊಂದಿಗೆ ಹೋಲಿಕೆ ಶುರುವಾಗುತ್ತದೆ. ಮೈದಾನದಲ್ಲಿ ಚೆನ್ನಾಗಿದ್ದೂ "ನಂಗೆ ಬರಲ್ಲ" ಎನ್ನುವ ಮಗುವೇ ನನಗೆ ಹೆಚ್ಚು ಆತಂಕ. ಲಗೋರಿಯಲ್ಲಿ ಮೊದಲು ಹಿಂದೆ ಸರಿಯುವುದು ಅದೇ. ಅಂಥವರಿಗೆ "ಭೇಷ್" ಸಾಲದು. "ಈ ಸಲ ಎಡಗಾಲು ಮುಂದೆ ಬಂತು ನೋಡು" ಎಂದು ಆದದ್ದನ್ನೇ ಹೇಳಬೇಕು.

ಪೋಷಕರ ಅಂದಾಜು ಹೆಚ್ಚಾಗಿದ್ದರೆ ಅಂಕಪಟ್ಟಿ ಕೈಗಿಡದೆ ಎದುರಿಗೇ ಎಸೆಸಿ ತೋರಿಸಿ. ಮನೆಗೆ ಒಂದೇ ಕೆಲಸ: ಗೋಡೆಯ ಮುಂದೆ ಸೀಮೆಸುಣ್ಣದಲ್ಲಿ ಎಡಪಾದದ ಗುರುತು, ಅದರ ಮೇಲೆ ಕಾಲಿಟ್ಟು ಬಲಗೈ ಎಸೆತ, ಎಡಚರಿಗೆ ಬಲಪಾದ. ಆಟದ ಜೊತೆಗೆ ಗುಂಡಿ ಹಾಕುವುದು, ಮೆಟ್ಟಿಲಿಳಿಯುವುದು, ಬರೆಯುವುದೂ ಕಷ್ಟವಾಗಿದ್ದರೆ ಅಭ್ಯಾಸಕ್ಕೆ ಬಿಡದೆ ಮಕ್ಕಳ ವೈದ್ಯರಿಗೆ ತೋರಿಸಲು ಹೇಳುತ್ತೇನೆ.