ಹಳೆಯ ಅಕ್ವೇರಿಯಂ ತೊಟ್ಟಿಗೆ ಹೊಸ ಮೇಲಂಚು: ನನ್ನ ಅನುಭವ

ಬಳಸಿದ ಗಾಜಿನ ಅಕ್ವೇರಿಯಂ ಕೊಳ್ಳುವವರು ಸೋರಿಕೆ ಇದೆಯೇ, ಗೀರುಗಳಿವೆಯೇ ಎಂದು ನೋಡುತ್ತಾರೆಯೇ ಹೊರತು, ಮೇಲಂಚಿನ ಪ್ಲಾಸ್ಟಿಕ್ ಫ್ರೇಮ್ ಒಡೆದಿದ್ದರೆ ಅದನ್ನು ಅಂದಗೆಟ್ಟ ಸಂಗತಿಯೆಂದಷ್ಟೇ ಎಣಿಸಿ ಬೆಲೆಯಲ್ಲಿ ಚೌಕಾಸಿ ಮಾಡುತ್ತಾರೆ. ನಾನು ಕೊಂಡ ತೊಟ್ಟಿಯೂ ಇದೇ ಕಾರಣಕ್ಕೆ ಅಗ್ಗವಾಗಿ ಸಿಕ್ಕಿತು. 4 ಅಡಿ ಉದ್ದ, 15 ಇಂಚು ಅಗಲ, 18 ಇಂಚು ಎತ್ತರ, 6 ಮಿ.ಮೀ. ದಪ್ಪದ ಗಾಜು, ಕೆಳಗೂ ಮೇಲೂ ಕಪ್ಪು ಪ್ಲಾಸ್ಟಿಕ್ ಫ್ರೇಮ್. ಮೇಲಿನ ಫ್ರೇಮ್ ಬಿಸಿಲಿಗೆ ಒಣಗಿ ಪೆಡಸಾಗಿ, ಮುಟ್ಟಿದಲ್ಲೆಲ್ಲ ಚಕ್ಕೆ ಏಳುತ್ತಿತ್ತು. ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಸೇತುವೆಯಂತೆ ಹಾಯ್ದಿದ್ದ ಅಡ್ಡಪಟ್ಟಿ ನಟ್ಟನಡುವೆ ತುಂಡಾಗಿತ್ತು. ಸುತ್ತಲಿನ ಅಂಚು ಬಹುಪಾಲು ಅಲಂಕಾರ. ಗಾಜಿನ ಚೂಪನ್ನು ಮುಚ್ಚುವುದು, ಮುಚ್ಚಳಕ್ಕೆ ಆಸರೆ ಕೊಡುವುದು ಅದರ ಕೆಲಸ. ನೀರಿನ ಒತ್ತಡಕ್ಕೆ ಎದುರು ನಿಲ್ಲುವುದು ಆ ಅಡ್ಡಪಟ್ಟಿ. ಆದ್ದರಿಂದ ಈ ತೊಟ್ಟಿಯಲ್ಲಿ ದುರಸ್ತಿಯಾಗಬೇಕಿದ್ದದ್ದು ಅಂಚಿಗಿಂತ ಮೊದಲು ಅಡ್ಡಪಟ್ಟಿ.

ಇದನ್ನು ಲೆಕ್ಕದಲ್ಲಿಯೇ ನೋಡಬಹುದು. 17 ಇಂಚು ನೀರು ನಿಂತಾಗ 4 ಅಡಿ ಉದ್ದದ ಮುಂದಿನ ಗಾಜನ್ನು ಹೊರಕ್ಕೆ ದೂಡುವ ಒಟ್ಟು ಬಲ ಸುಮಾರು 110 ಕಿಲೋ ತೂಕಕ್ಕೆ ಸಮ. ತೊಟ್ಟಿಯ ಅಗಲ ಹೆಚ್ಚಿದರೂ ಕಡಿಮೆಯಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ನೀರಿನ ಎತ್ತರ ಮತ್ತು ಗಾಜಿನ ಉದ್ದ ಮಾತ್ರ ಲೆಕ್ಕಕ್ಕೆ ಬರುತ್ತವೆ. ಬದಿಗಾಜುಗಳ ಆಸರೆಯನ್ನು ಬಿಟ್ಟು ಎಣಿಸಿದರೆ ಈ ಬಲದ ಮೂರನೇ ಒಂದು ಭಾಗ ಮೇಲಂಚಿಗೆ ಬೀಳುತ್ತದೆ. ಗಾಜಿನ ಬುಡ ತಳಕ್ಕೆ ಅಂಟಿಕೊಂಡಿರುತ್ತದೆ, ಎರಡು ತುದಿಗಳನ್ನು ಬದಿಗಾಜುಗಳು ಹಿಡಿದಿರುತ್ತವೆ. ಹೀಗಾಗಿ ಬಾಗಲು ಉಳಿಯುವ ಜಾಗ ಮೇಲಂಚಿನ ನಡುಭಾಗವೊಂದೇ. ಅಲ್ಲಿ ಅಡ್ಡಪಟ್ಟಿ ಇರುತ್ತದೆಂಬ ಭರವಸೆಯ ಮೇಲೆಯೇ ತಯಾರಕರು ಇಷ್ಟು ತೆಳ್ಳನೆಯ ಗಾಜು ಬಳಸಿರುತ್ತಾರೆ.

ಮೊದಲಿಗೆ ತೊಟ್ಟಿಯನ್ನು ಅರ್ಧದಷ್ಟು ಮಾತ್ರ ತುಂಬಿಸಿ ಪರೀಕ್ಷಿಸಿದೆ. ಬಲವು ನೀರಿನ ಎತ್ತರದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅರ್ಧ ತುಂಬಿದಾಗ ಗಾಜಿನ ಮೇಲೆ ಬೀಳುವುದು ಪೂರ್ಣ ಬಲದ ಕಾಲುಭಾಗ ಮಾತ್ರ. ಪರೀಕ್ಷೆಗೆ ಅದು ಸುರಕ್ಷಿತ. ಖಾಲಿ ಇದ್ದಾಗ ಮತ್ತು ಅರ್ಧ ತುಂಬಿದಾಗ, ಮೇಲಂಚಿನ ನಡುವೆ ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಇರುವ ದೂರವನ್ನು ಉಕ್ಕಿನ ಸ್ಕೇಲಿನಲ್ಲಿ ಅಳೆದರೆ 1 ಮಿ.ಮೀ.ಗಿಂತ ತುಸು ಹೆಚ್ಚಿನ ವ್ಯತ್ಯಾಸ ಕಂಡಿತು. ಗಾಜುಗಳನ್ನು ಕೂಡಿಸುವ ಅಂಟಾದ ಸಿಲಿಕೋನ್ ಮೂಲೆಗಳಲ್ಲಿ ಉಗುರಿನಿಂದ ಒತ್ತಿದರೆ ರಬ್ಬರಿನಂತೆ ಹಿಂದಿರುಗುತ್ತಿತ್ತು, ಬೆಸುಗೆಯೊಳಗೆ ಬಿಳಿಚಿದ ಗುಳ್ಳೆಗಳಿರಲಿಲ್ಲ, ಸೋರಿಕೆಯೂ ಇರಲಿಲ್ಲ. ಮೂಲೆಗಳೇ ಸಡಿಲವಾಗಿದ್ದರೆ ಮೇಲಂಚಿಗೆ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ.

ಮುರಿದ ಅಡ್ಡಪಟ್ಟಿಯನ್ನು ಅಂಟಿಸಿಬಿಡುವ ಆಲೋಚನೆ ಎಲ್ಲರಿಗೂ ಬರುತ್ತದೆ. ಅದಕ್ಕೆ ಮುನ್ನ ಪ್ಲಾಸ್ಟಿಕ್ ಯಾವುದೆಂದು ತಿಳಿಯಬೇಕು. ಒಂದು ಚಕ್ಕೆಯನ್ನು ಲೋಟದ ನೀರಿಗೆ ಹಾಕಿ ಒಳಗೆ ಮುಳುಗಿಸಿ ಬಿಟ್ಟೆ. ಅದು ಮೇಲೆದ್ದು ತೇಲಿತು. ತೇಲುವ ಪ್ಲಾಸ್ಟಿಕ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಆಗಿರುತ್ತದೆ. ಅವುಗಳಿಗೆ ಸಿಲಿಕೋನ್ ಆಗಲಿ ಮನೆಯಲ್ಲಿ ಬಳಸುವ ಬೇರೆ ಅಂಟುಗಳಾಗಲಿ ನೆಚ್ಚುವಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಎಬಿಎಸ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ ಮುಳುಗುತ್ತದೆ, ಅದಕ್ಕೆ ದ್ರಾವಕದ ಅಂಟು ಹಿಡಿಯುತ್ತದೆ. ಆದರೆ ಹಗಲೂ ರಾತ್ರಿ ಎಳೆತಕ್ಕೆ ಸಿಕ್ಕಿರುವ ಪಟ್ಟಿಯನ್ನು ಮುರಿದ ಜಾಗದಲ್ಲೇ ಅಂಟಿಸಿ ನೆಚ್ಚಿಕೊಳ್ಳುವುದು ನನ್ನ ಮಟ್ಟಿಗೆ ಸರಿಯೆನಿಸುವುದಿಲ್ಲ. ಅಚ್ಚಿನಲ್ಲಿ ತೆಗೆದ ಹೊಸ ಫ್ರೇಮ್ ನಾನು ವಿಚಾರಿಸಿದ ಅಂಗಡಿಗಳಲ್ಲಿ ಸಿಗಲಿಲ್ಲ. ಹೀಗಾಗಿ ಬಲದ ಕೆಲಸವನ್ನು ಗಾಜಿನ ಪಟ್ಟಿಗಳಿಗೂ ಅಂದದ ಕೆಲಸವನ್ನು ಅಲ್ಯೂಮಿನಿಯಂ ಅಂಚಿಗೂ ಹಂಚಲು ನಿರ್ಧರಿಸಿದೆ.

ಹಳೆಯ ಫ್ರೇಮ್ ಬಿಡಿಸುವಾಗ ಕೈಗವಸು ಮತ್ತು ಕನ್ನಡಕ ಧರಿಸಿದ್ದೆ. ಅಡ್ಡಪಟ್ಟಿಯನ್ನು ಎರಡೂ ಬದಿಯಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಿದ ಬಳಿಕ, ತೆಳುವಾದ ಪುಟ್ಟಿ ಬ್ಲೇಡನ್ನು ಹೊರಮಗ್ಗುಲಿನ ತುಟಿಯ ಕೆಳಗೆ ತೂರಿಸಿ, ಉದ್ದದ ನಡುಭಾಗದಿಂದ ಆರಂಭಿಸಿ ಮೂಲೆಗಳ ಕಡೆಗೆ ಸಾಗಿದೆ. ಮೂಲೆಗೆ ಬಂದಾಗ ಮಾತ್ರ ಬ್ಲೇಡನ್ನು ಬದಿಗಿಟ್ಟು, ಪ್ಲಾಸ್ಟಿಕ್ಕನ್ನು ಚೂರುಚೂರಾಗಿ ಇಕ್ಕಳದಿಂದ ಮುರಿದು ತೆಗೆದೆ. ಏಕೆಂದರೆ ಎರಡು ಗಾಜುಗಳನ್ನು ಕೂಡಿಸುವ ಸಿಲಿಕೋನ್ ತುದಿಯವರೆಗೂ ಬಂದಿರುತ್ತದೆ, ಅದರೊಳಗೆ ಬ್ಲೇಡ್ ಇಳಿದರೆ ದುರಸ್ತಿಯ ಕೆಲಸ ದುಪ್ಪಟ್ಟಾಗುತ್ತದೆ. ಫ್ರೇಮಿನಡಿ ಇದ್ದದ್ದು ಅಲ್ಲಲ್ಲಿ ಒಂದೊಂದು ಬೊಟ್ಟು ಸಿಲಿಕೋನ್, ಉಳಿದಂತೆ ಸುಣ್ಣದಂತಹ ಬಿಳಿ ಹೆಪ್ಪು. ಬೆಂಗಳೂರಿನ ಬೋರ್‌ವೆಲ್ ನೀರು ಬಳಸಿದ ತೊಟ್ಟಿಗಳಲ್ಲಿ ಇದು ಸಾಮಾನ್ಯ. ವಿನೆಗರ್ ನೆನೆಸಿದ ಬಟ್ಟೆಯನ್ನು ಅಂಚಿನ ಮೇಲೆ ಹೊದಿಸಿಟ್ಟಾಗ ಅದು ಸಣ್ಣ ಗುಳ್ಳೆಗಳೆದ್ದು ಸಡಿಲವಾಯಿತು. ಉಳಿದ ಹಳೆಯ ಸಿಲಿಕೋನನ್ನು ಹೊಸ ಬ್ಲೇಡಿನಿಂದ ಪೂರ್ತಿ ಹೆರೆದೆ. ಒಣಗಿದ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ.

ಫ್ರೇಮ್ ಹೋದ ಮೇಲೆ ಗಾಜಿನ ಅಂಚು ಕತ್ತಿಯಂತೆ ಚೂಪಾಗಿ ಉಳಿಯಿತು. ಹೇಗೂ ಮುಚ್ಚಿಹೋಗುವ ಅಂಚೆಂದು ಕಾರ್ಖಾನೆಯಲ್ಲಿ ಅದನ್ನು ಪಾಲಿಶ್ ಮಾಡಿರಲಿಲ್ಲ. ಮರದ ತುಂಡಿಗೆ 220ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ) ಸುತ್ತಿ, ನೀರು ಹನಿಸುತ್ತ, ಎರಡೂ ಕೋನಗಳನ್ನು ಸವೆಸಿದೆ. ನೀರಿಲ್ಲದೆ ಉಜ್ಜಿದರೆ ಗಾಜಿನ ಧೂಳು ಮೂಗಿಗೆ ಸೇರುತ್ತದೆ.

ಪಟ್ಟಿಗಳನ್ನು ಬಡಾವಣೆಯ ಗಾಜಿನ ಅಂಗಡಿಯಲ್ಲಿಯೇ ಕತ್ತರಿಸಿಕೊಟ್ಟರು. "ಪಾಲಿಶ್ ಬೇಕಾ ಸಾರ್, ಬರೀ ಕಟಿಂಗ್ ಸಾಕಾ?" ಎಂದು ಕೇಳಿದಾಗ ಎಲ್ಲ ಅಂಚುಗಳಿಗೂ ಪಾಲಿಶ್ ಬೇಕೆಂದೆ, ಮೀನಿನ ತೊಟ್ಟಿಯೊಳಗೆ ದಿನವೂ ಕೈ ಇಳಿಯುತ್ತದೆ. 6 ಮಿ.ಮೀ. ಸಾದಾ ಗಾಜಿನಲ್ಲಿ 2 ಇಂಚು ಅಗಲದ ಎರಡು ಉದ್ದಪಟ್ಟಿಗಳು, 4 ಇಂಚು ಅಗಲದ ಒಂದು ಅಡ್ಡಪಟ್ಟಿ. ಪ್ರತಿಯೊಂದನ್ನೂ ಒಳ ಅಳತೆಗಿಂತ 3 ಮಿ.ಮೀ. ಗಿಡ್ಡವಾಗಿ ಕತ್ತರಿಸಿದ್ದು ಸಿಲಿಕೋನಿಗೆ ಜಾಗವಿರಲೆಂದು. ಉದ್ದಪಟ್ಟಿಗಳು ಮುಂದಿನ ಮತ್ತು ಹಿಂದಿನ ಗಾಜಿನ ಒಳಮೈಗೆ, ಮೇಲಂಚಿನಿಂದ 1 ಇಂಚು ಕೆಳಗೆ, ಗೋಡೆಗೆ ಹೊಡೆದ ಹಲಗೆಯಂತೆ ಮಟ್ಟಸವಾಗಿ ಅಂಟಿಕೊಂಡವು. ಅಡ್ಡಪಟ್ಟಿ ಅವೆರಡರ ಮೇಲೆ ನಡುವೆ ಕೂತು, ಎರಡೂ ತುದಿಯಲ್ಲಿ 2 ಇಂಚಿನಷ್ಟು ಹಾಸಿಕೊಂಡಿತು. ಇಲ್ಲಿ ಸಿಲಿಕೋನಿಗೆ ಬೀಳುವುದು ಸಿಪ್ಪೆ ಸುಲಿಯುವಂತಹ ಎಳೆತವಲ್ಲ, ಎರಡು ಮೈಗಳ ನಡುವಿನ ಜಾರುವ ಬಲ; ಅದನ್ನು ಇಷ್ಟು ಅಗಲದ ಬೆಸುಗೆ ಚೆನ್ನಾಗಿ ತಾಳಿಕೊಳ್ಳುತ್ತದೆ.

ಸಿಲಿಕೋನ್ ಆರಿಸುವಾಗ ಅಕ್ವೇರಿಯಂ ಬಳಕೆಗೆಂದು ಟ್ಯೂಬಿನ ಮೇಲೆ ಮುದ್ರಿಸಿರುವುದನ್ನೇ ತೆಗೆದುಕೊಂಡೆ. ಸ್ನಾನದ ಮನೆಗೆಂದು ಮಾರುವ, ಬೂಷ್ಟು ತಡೆಯುವ ರಾಸಾಯನಿಕ ಬೆರೆಸಿದ ಬಗೆ ಮೀನುಗಳಿಗೆ ಹಾನಿಕರ. ಟ್ಯೂಬಿನ ಅವಧಿ ಮುಗಿದಿರಬಾರದು. ಹಳೆಯ ಮಾಲು ಎಷ್ಟು ಕಾದರೂ ಅಂಟಂಟಾಗಿಯೇ ಉಳಿಯುತ್ತದೆ. ಅಂಟುವ ಜಾಗಗಳನ್ನೆಲ್ಲ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಗೆರೆಗಳ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿದೆ. ಉದ್ದಪಟ್ಟಿ ಒಣಗುವವರೆಗೆ ಕೆಳಗೆ ಜಾರದಿರಲು, ತಳದಿಂದ ಪಟ್ಟಿಯವರೆಗಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ಪಿವಿಸಿ ಪೈಪಿನ ತುಂಡುಗಳನ್ನು ಆಧಾರವಾಗಿ ನಿಲ್ಲಿಸಿದ್ದೆ. ಈ ಸಿದ್ಧತೆಯಿಲ್ಲದೆ ಸಿಲಿಕೋನ್ ಗನ್ ಕೈಗೆತ್ತಿಕೊಳ್ಳಲೇಬಾರದು. ಒತ್ತುವಾಗ ಸಿಲಿಕೋನ್ ಪೂರ್ತಿ ಹೊರಬಂದುಬಿಡದಂತೆ, ನಡುವೆ ಸುಮಾರು 1 ಮಿ.ಮೀ. ಪದರ ಉಳಿಯುವಷ್ಟಕ್ಕೆ ಕೈ ಬಿಗಿಹಿಡಿದೆ. ಮೈ ಕೆನೆಗಟ್ಟುವ ಮೊದಲೇ ಟೇಪ್ ಎಳೆದು ತೆಗೆಯಬೇಕು.

ಒಣಗಲು ಬಿಡುವ ವಿಷಯದಲ್ಲಿ ಟ್ಯೂಬಿನ ಮೇಲಿನ 24 ಗಂಟೆಯ ಸೂಚನೆ ಇಲ್ಲಿ ಸಾಲದು. ಈ ಬಗೆಯ ಸಿಲಿಕೋನ್ ಗಾಳಿಯ ತೇವವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಆಗ ಹೊರಬರುವ ಅಸಿಟಿಕ್ ಆಮ್ಲದ್ದೇ ಆ ವಿನೆಗರ್ ವಾಸನೆ. ಗಾಜು ತೇವವನ್ನು ಒಳಬಿಡದ ಕಾರಣ, ಎರಡು ಗಾಜುಗಳ ನಡುವೆ ಸಿಕ್ಕಿಕೊಂಡ ಅಗಲವಾದ ಪದರ ಅಂಚಿನಿಂದ ಒಳಕ್ಕೆ, ದಿನಕ್ಕೆ 2–3 ಮಿ.ಮೀ.ಗಿಂತಲೂ ನಿಧಾನವಾಗಿ ಗಟ್ಟಿಯಾಗುತ್ತ ಹೋಗುತ್ತದೆ. ಮಳೆಗಾಲದ ಗಾಳಿ ಅನುಕೂಲಕರವಾಗಿದ್ದರೂ, ಅಡ್ಡಪಟ್ಟಿಯ ಹಾಸುಬೆಸುಗೆಗೆ ವಾರಗಟ್ಟಲೆ ಸಮಯ ಕೊಟ್ಟೆ. ಆ ಬಿಡುವಿನಲ್ಲಿ ಅಲಂಕಾರದ ಅಂಚು ಸಿದ್ಧವಾಯಿತು: ಕಪ್ಪು ಪೌಡರ್ ಕೋಟಿಂಗ್ ಮಾಡಿದ, 6 ಮಿ.ಮೀ. ಗಾಜು ಸಡಿಲವಾಗಿ ಕೂರುವಷ್ಟು ಒಳಗಲವಿರುವ ಅಲ್ಯೂಮಿನಿಯಂ ಯು ಚಾನೆಲ್. ಕಿಟಕಿ ಮಾಡುವ ಅಂಗಡಿಯಲ್ಲಿ ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸಿಕೊಟ್ಟರು. ಒಳಮೂಲೆಯಲ್ಲಿ ಹಳೆಯ ಸಿಲಿಕೋನ್ ಉಬ್ಬಿರುವ ಜಾಗದಲ್ಲಿ ಚಾನೆಲ್ಲಿನ ಒಳತುಟಿಯನ್ನು ಅರದಿಂದ ಸ್ವಲ್ಪ ಸವೆಸಬೇಕಾಯಿತು, ಇಲ್ಲವಾದರೆ ಅದು ಕೂರುತ್ತಿರಲಿಲ್ಲ. ಸಮುದ್ರದ ಮೀನು ಸಾಕುವವರು ಅಲ್ಯೂಮಿನಿಯಂ ಬದಲು ಪಿವಿಸಿ ಅಂಚು ಬಳಸುವುದು ಒಳ್ಳೆಯದು, ಉಪ್ಪುನೀರು ಅಲ್ಯೂಮಿನಿಯಮನ್ನು ತಿನ್ನುತ್ತದೆ.

ನೀರು ತುಂಬುವ ಪರೀಕ್ಷೆಯನ್ನು ಅಂಗಳದ ಸಮತಟ್ಟಾದ ಕಲ್ಲಿನ ಮೇಲೆ, ಕಾಲುಭಾಗದಂತೆ ಏರಿಸುತ್ತ ಮಾಡಿದೆ. ಕೆಳಗೆ ಥರ್ಮಾಕೋಲ್ ಹಾಸಲಿಲ್ಲ. ಫ್ರೇಮಿಲ್ಲದ ತೊಟ್ಟಿಗೆ ಅದು ಬೇಕು. ಕೆಳಗೆ ಫ್ರೇಮ್ ಇರುವ ತೊಟ್ಟಿಯ ಭಾರವನ್ನು ಫ್ರೇಮೇ ಹೊರುತ್ತದೆ, ಥರ್ಮಾಕೋಲ್ ಹಾಸಿದರೆ ಅದು ನಡುವೆ ಉಬ್ಬಿ ತಳದ ಗಾಜನ್ನು ಮೇಲಕ್ಕೆ ಒತ್ತುವ ಅಪಾಯವಿದೆ. 17 ಇಂಚು ನೀರು ನಿಂತಾಗಲೂ ನಡುವಿನ ಅಗಲದಲ್ಲಿ ಸ್ಕೇಲಿಗೆ ಸಿಗುವಷ್ಟು ವ್ಯತ್ಯಾಸ ಕಾಣಲಿಲ್ಲ. ಮುಚ್ಚಳದ ಗಾಜು ಎರಡು ಭಾಗವಾಗಿ ಉದ್ದಪಟ್ಟಿಗಳ ಮೇಲೆಯೇ ಕೂರುತ್ತದೆ, ಅದಕ್ಕೆ ಬೇರೆ ಆಸರೆ ಬೇಕಿಲ್ಲ. ಹಿಂಬದಿಗೆ ನೇತುಹಾಕುವ ಫಿಲ್ಟರ್ ಬಳಸುವವರು ಮಾತ್ರ ಗಾಜು ಕತ್ತರಿಸುವ ಮೊದಲೇ ಅದರ ಅಗಲ ಅಳೆದು, ಹಿಂದಿನ ಉದ್ದಪಟ್ಟಿಯನ್ನು ಒಂದು ತುದಿಯಲ್ಲಿ ಅಷ್ಟು ಗಿಡ್ಡ ಮಾಡಿಸಿಕೊಳ್ಳಬೇಕು. ಅಂಟಿಸಿದ ಮೇಲೆ ಗಾಜನ್ನು ಅಲ್ಲಿಯೇ ಕತ್ತರಿಸಲು ಬರುವುದಿಲ್ಲ.